ಅದರ ಹಸಿವು

"ತಲೆಯೊಳಗಿನ ಗೆಡ್ಡೆಗೆ ಸಕ್ಕರೆಯಿಂದಲೇ ಶಕ್ತಿ ಕಣಮ್ಮ. ಅದನ್ನ ಉಪವಾಸ ಕೆಡವಿಯೇ ಕೊಲ್ಲಬೇಕು. ಅದಕ್ಕೇ ಈ ಹೊಸ ಮಾತ್ರೆ," ಎಂದರು ಡಾಕ್ಟರು.

ದೇವೀರಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಗಂಡನನ್ನು ಮನೆಗೆ ಕರೆತಂದಳು.

ಮೊದಮೊದಲು ಅವನು ಚೂರು ಬೆಲ್ಲ ಕೇಳಿದ. ಆಮೇಲೆ, "ಒಂದು ತುತ್ತು ಮುದ್ದೆನಾದ್ರೂ ಕೊಡೇ," ಎಂದು ಕೈಮುಗಿದ.

"ಕೇಳ್ತಿರೋದು ನೀವಲ್ಲ ಕಣ್ರೀ, ನಿಮ್ಮೊಳಗಿರೋ ಅದು," ಎಂದು ಅವಳು ಅತ್ತಳೇ ಹೊರತು ಕರಗಲಿಲ್ಲ.

ಇವತ್ತು ಬೆಳಿಗ್ಗೆ ಅವನು ಏನನ್ನೂ ಕೇಳಲಿಲ್ಲ. ಗೆದ್ದೆನೆಂಬ ಖುಷಿಯಲ್ಲಿ ಅವಳು ಡಾಕ್ಟರಿಗೆ ಫೋನು ಮಾಡಿದಳು.

"ಅದು ಸುಮ್ಮನಾಯ್ತು ಸ್ವಾಮಿ. ಇವ್ರು ನೆಮ್ಮದಿಯಾಗಿ ಮಲಗವ್ರೆ."

"ಒಳ್ಳೇದಾಯ್ತಮ್ಮ. ಮಾತ್ರೆ ಊಟ ಆದ್ಮೇಲೇ ತಾನೆ ಕೊಡ್ತಿರೋದು?"

"ಯಾವ ಊಟ ಸ್ವಾಮಿ?"