ಇಲಿ ಹಿಡಿಯಲು ಒಪ್ಪಿಗೆ ಪತ್ರ

ಇಲಿ ಹಿಡಿಯಲು ಲಿಖಿತ ಒಪ್ಪಿಗೆ ಬೇಕೇ ಎಂಬ ಘನಗಂಭೀರ ಪ್ರಶ್ನೆ ಆ ಬೆಳಗ್ಗೆ ಹೈದೇಗೌಡರ ಜಗಲಿಯಲ್ಲಿ ಇತ್ಯರ್ಥಕ್ಕೆ ಬಂತು. ಗೌಡರ ಕಬ್ಬನ್ನು ಇಲಿಗಳು ಬುಡದಲ್ಲೇ ಕಡಿಯುತ್ತಿದ್ದವು. ಇಲಿ ಹಿಡಿಯುವವನು ಎರಡು ನಾಯಿ, ಒಂದು ಕಾಗದ ಹಿಡಿದು ಬಂದಿದ್ದ.

"ಇಲಿ ಹಿಡಿಯಕೆ ಸೈನ್ ಯಾಕ್ಲಾ?"

"ನಾಯಿ ಕಂಡ್ರೆ ಮೊಲದ ಬೇಟೆ ಅಂತ ಫಾರೆಸ್ಟ್‌ನೋರು ಹಿಡ್ಕೋತಾರೆ ಗೌಡ್ರೆ. ಜಮೀನೋರ ಒಪ್ಪಿಗೆ ಇದ್ರೆ ಬುಟ್ಬುಡ್ತಾರೆ."

"ಸರ್ವೆ ನಂಬರ್ ಯಾಕೆ ಬರ್ದಿದ್ದೀಯ?"

"ಯಾವ ಗದ್ದೆ ಅಂತ ಗೊತ್ತಾಗ್ಬೇಕಲ್ಲ."

"ನಮ್ ದಾಯಾದಿ ಕಳಿಸಿರ್ಬೇಕು ನಿನ್ನ. ಮೂರು ಗುಂಟೆಗೆ ಇಪ್ಪತ್ತು ವರ್ಷದಿಂದ ಕೋರ್ಟಿಗೆ ಅಲೆಸ್ತಾವ್ನೆ. ಈಗ ಸೈನ್ ಹಾಕ್ಸಿ ನುಂಗಕೆ ನೋಡ್ತಾನಾ?"

"ಅವ್ರ ಮೊಕಾನೇ ನೋಡಿಲ್ಲ. ಅನುಮಾನ ಇದ್ರೆ ನೀವೇ ಬರ್ಕೊಡಿ."

ಗೌಡರು ಅವನ ಕಾಗದವನ್ನು ಹರಿದುಹಾಕಿದರು. ನಾಯಿಗಳು ಗದ್ದೆಯಂಚಿನ ಹುಣಸೆಮರದಾಚೆ ನುಗ್ಗಿ ದಾಯಾದಿಯ ಕುರಿ ಕಚ್ಚಿದರೆ ಇನ್ನೊಂದು ಕೇಸಾದೀತೆಂದು ಯೋಚಿಸಿ, ಸ್ವಂತ ಅಕ್ಷರದಲ್ಲಿ ಹೀಗೆ ಬರೆದು ಸಹಿ ಹಾಕಿದರು: 'ಇಲಿ ಹಿಡಿಯಲು ಒಪ್ಪಿಗೆ ಇದೆ. ಹುಣಸೆಮರದವರೆಗೆ ಮಾತ್ರ ನನ್ನ ಜಮೀನು. ಅದರಾಚೆಗೂ ನನಗೂ ಯಾವ ಸಂಬಂಧವೂ ಇರುವುದಿಲ್ಲ.'

"ಈಗ ಯಾವನು ಏನ್ ಕಿತ್ಕೊತಾನೆ ನೋಡ್ತೀನಿ," ಎಂದರು.

ಮಧ್ಯಾಹ್ನದ ಹೊತ್ತಿಗೆ ಇಲಿಗಳು ಮರದಾಚೆಗೆ ಓಡಿದವು. ಇಲಿ ಹಿಡಿಯುವವನು ನಾಯಿಗಳನ್ನು ಮರದಡಿ ಕಟ್ಟಿ, ದಾಯಾದಿಯ ಮನೆಗೆ ಹೋಗಿ, ಗೌಡರ ಪತ್ರ ತೋರಿಸಿ ಅಲ್ಲಿಯೂ ಒಪ್ಪಿಗೆ ಕೇಳಿದ. ದಾಯಾದಿ ಪತ್ರವನ್ನು ಎರಡು ಸಲ ಓದಿದ. ಅವನಿಗೆ ಕಾಫಿ ಕೊಡಿಸಿ, ಕೇಳಿದಲ್ಲಿ ಸಹಿ ಹಾಕಿ, ಗೌಡರ ಪತ್ರದ ಜೆರಾಕ್ಸ್ ಮಾಡಿಸಿಕೊಂಡ.

ಮುಂದಿನ ವಾಯಿದೆಗೆ ಕೋರ್ಟಿನಲ್ಲಿ ಹುಣಸೆಮರದಾಚೆಯ ಮೂರು ಗುಂಟೆ ದಾಯಾದಿಯ ಪಾಲಾಯಿತು.