ಹೆಸರು ಬರುವ ಸಾಲು

ನಂಬಿದರೆ ನಂಬಿ, ಬಿಟ್ಟರೆ ಬಿಡಿ: ಮಾನ್ವಿಯಲ್ಲಿ ಮೊಹರಂ ಬೆಂಕಿ ಉರಿಯುವ ಅಲಾಯಿ ಕುಣಿಯ ಮುಂದೆ ಶಾಮೀದಸಾಬ ಗಿಟಾರ್ ಮೀಟುತ್ತ ಬಾಯಿ ತೆರೆದಾಗ, ಐದು ತಿಂಗಳ ಹಿಂದೆ ರಾಯಚೂರಿನಲ್ಲಿ ಗಂಟಲ ಆಪರೇಶನ್ನಿನೊಂದಿಗೇ ಹೋಗಿದ್ದ ಅವನ ದನಿ ಸ್ಪೀಕರಿನಿಂದ ಕೇಳಿಸಿತು. ಬಾಯಿ ತೆರೆದದ್ದು ಬರೀ ರೂಢಿಯಿಂದ. ಮೊಹರಂ ಶೋಕಪದಕ್ಕೆ ಗಿಟಾರ್ ಬಾರಿಸಲು ಬಂದಿದ್ದನೇ ಹೊರತು ಹಾಡಲು ಅಲ್ಲ. ತನ್ನ ದನಿಯನ್ನು ಊರು ಮರೆತುಬಿಡುತ್ತದೆ ಎಂಬ ದುಃಖವೇ ಅವನನ್ನು ತಿನ್ನುತ್ತಿತ್ತು.

ಇದು ಅವನ ಬೆನ್ನ ಹಿಂದೆ ದಮ್ಮಡಿ ಬಡಿಯುತ್ತ ಮೈಕಿನ ಮುಂದೆ ಕೂತಿದ್ದ ಪ್ರಭುರಾಜನ ಕಿತಾಪತಿ. ಇಪ್ಪತ್ತು ವರ್ಷ ದೇವದುರ್ಗ, ಕವಿತಾಳ ಎಂದು ಹಾಡಿನ ಮೇಳದ ಜೀಪಿನಲ್ಲಿ ತಿರುಗುವಾಗ ಶಾಮೀದಸಾಬನನ್ನೇ ಅಣಕಿಸಿ, “ನಾ ಸತ್ತ ಮ್ಯಾಲೆ ಅಣಕಿಸಲೇ, ಮಗನಾ!” ಎಂದು ಬೈಸಿಕೊಂಡವನು. ಶಾಮೀದಸಾಬನ ಬೆರಳುಗಳು ತಂತಿಯ ಮೇಲೆ ನಿಂತುಬಿಟ್ಟವು. ಹೆಂಗಸರ ನಡುವೆ ಅವನ ಹೆಂಡತಿ ಲತೀಫಾ ಎದ್ದು ನಿಂತಳು.

“ನಿಲ್ಲಿಸಬ್ಯಾಡ ಶಾಮೀದಣ್ಣಾ, ಬಾರಿಸು,” ಎಂದು ಪ್ರಭುರಾಜ ಪಿಸುಗುಟ್ಟಿದ. ಬೆರಳುಗಳು ಮತ್ತೆ ಆಡಿದವು. ಪದದ ಕಡೆಯ ಸಾಲಿನಲ್ಲಿ ಹಾಡುವವನು ತನ್ನ ಹೆಸರು ಸೇರಿಸುವುದು ಮೇಳದ ಪದ್ಧತಿ. ಅಲ್ಲಿಗೆ ಬಂದಾಗ ಪ್ರಭುರಾಜ, ಶಾಮೀದಸಾಬ ಯಾವಾಗಲೂ ಮಾಡುತ್ತಿದ್ದಂತೆ, ಎರಡು ಸಲ ಕೆಮ್ಮಿ, ಮೂಗೆಳೆದು, “ಶಾಮೀದ ಅಳತಾನ...” ಎಂದು ರಾಗ ಎಳೆದ.

“ಅಯ್ಯ, ಕೆಮ್ಮೂ ಬಿಡಲಿಲ್ಲಲ್ಲ ಪ್ರಭಣ್ಣಾ!” ಲತೀಫಾ ಅಳುತ್ತಲೇ ಕೂಗಿದಳು. ನೆರೆದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಶಾಮೀದಸಾಬ: ಹೆಗಲು ಕುಣಿದವು, ಕಣ್ಣು ತುಂಬಿದವು, ಆಪರೇಶನ್ನಿನ ತೂತು ಮುಚ್ಚಲು ಕೊರಳಿಗೆ ಸುತ್ತಿದ ಬಟ್ಟೆ ಅಲ್ಲಿಂದ ಬರುವ ಉಸಿರಿನ ರಭಸಕ್ಕೆ ಹಾರಿ ಹಾರಿ ಬಿತ್ತು. ಸದ್ದು ಮಾತ್ರ ಬರಲಿಲ್ಲ.