ಬೀಗ ಮಾಡಿದವನ ಮಾತು

ಕಂಪ್ಯೂಟರಿನ ಫೈಲುಗಳಿಗೆ ಬೀಗ ಹಾಕುವ ಸಾಫ್ಟ್‌ವೇರೊಂದನ್ನು ಬರೆದು, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟು, ವರ್ಷಗಟ್ಟಲೆ ಅವನೊಬ್ಬನೇ ಅದನ್ನು ನೋಡಿಕೊಂಡು ಬಂದಿದ್ದ. ಥ್ಯಾಂಕ್ಸ್ ಅಂದವರು ಕಡಿಮೆ, ಬೈದವರೇ ಜಾಸ್ತಿ. ಒಂದಲ್ಲ ಒಂದು ದಿನ ಪೊಲೀಸರು ಬಂದೇ ಬರುತ್ತಾರೆಂದು ಅವನಿಗೆ ಗೊತ್ತಿತ್ತು. ಆಡಬೇಕಾದ ಮಾತನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದ.

ಕೊನೆಗೂ ಇನ್ಸ್‌ಪೆಕ್ಟರ್ ಬಂದು ಮೇಜಿನ ಮೇಲೊಂದು ಪೆನ್‌ಡ್ರೈವ್ ಇಟ್ಟ.

"ಒಬ್ಬ ಪತ್ರಕರ್ತೆಯದು. ಮೊನ್ನೆ ಲಾರಿಗೆ ಸಿಕ್ಕಿ ತೀರಿಕೊಂಡ್ರು. ಇದರಲ್ಲಿರೋ ಫೈಲಿಗೆ ನಿಮ್ಮ ಬೀಗ ಬಿದ್ದಿದೆ. ತೆಗೀತೀರಾ?"

"ಆಗಲ್ಲ ಸಾರ್. ಪಾಸ್‌ವರ್ಡ್ ಅವರ ಜೊತೇಲೇ ಹೋಯ್ತು."

"ಮಾಡಿದವರು ನೀವು. ಎಲ್ಲೋ ಒಂದು ಕಳ್ಳದಾರಿ ಇಟ್ಟಿರ್ತೀರಿ."

"ಇಟ್ಟಿದ್ರೆ ಯಾವತ್ತೋ ಸಿಕ್ಕಿಬೀಳ್ತಿದ್ದೆ. ಕೋಡೆಲ್ಲ ಜನರ ಕಣ್ಣೆದುರೇ ಇದೆ."

"ದೊಡ್ಡ ಲ್ಯಾಬಿಗೆ ಕಳಿಸಿದರೆ?"

"ಯಾವ ಲ್ಯಾಬಿಗೆ ಕಳಿಸಿದರೂ ಅಷ್ಟೆ. ನನ್ನನ್ನ ಒಳಗೆ ಹಾಕಿದರೂ ಅಷ್ಟೆ."

ದನಿ ನಡುಗಲಿಲ್ಲವೆಂದು ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು.

ಇನ್ಸ್‌ಪೆಕ್ಟರ್ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡ. "ಇದನ್ನೇ ಬರೆದುಕೊಡ್ತೀರಾ?"

"ಧಾರಾಳವಾಗಿ."

ಬರೆದ. ಮುಂದೆ ಯಾರೂ ಅದನ್ನು ತಿದ್ದಬಾರದೆಂದು, ತಾನೂ ಅಲ್ಲಗಳೆಯಲು ಆಗದಂತೆ, ತನ್ನದೇ ಸಾಫ್ಟ್‌ವೇರಿನಿಂದ ಡಿಜಿಟಲ್ ಸಹಿಯನ್ನೂ ಹಾಕಿಕೊಟ್ಟ. ಇನ್ಸ್‌ಪೆಕ್ಟರ್ ಕೈ ಕುಲುಕಿ ಹೊರಟ. ಮೆಟ್ಟಿಲಿಳಿಯುತ್ತಲೇ ಯಾರಿಗೋ ಫೋನ್ ಮಾಡಿದ. ಮಾತು ಬಾಗಿಲವರೆಗೂ ಕೇಳಿಸಿತು.

"ಸಾಹೇಬ್ರೇ, ನೆಮ್ಮದಿಯಾಗಿ ಮಲಗಿ. ಆಯಮ್ಮ ನಿಮ್ಮ ಮೇಲೆ ಕೂಡಿಟ್ಟಿದ್ದ ಪುರಾವೆಯನ್ನ ಇನ್ನು ಯಾರಪ್ಪನ ಕೈಲೂ ತೆಗೆಯೋಕಾಗಲ್ಲ. ಬೀಗ ಮಾಡಿದವನೇ ಬರೆದುಕೊಟ್ಟಿದ್ದಾನೆ."